ಅರ್ಧ ಕಲ್ಲಿನಲ್ಲಿ, ಅರ್ಧ ತೆರೆಯಲ್ಲಿ: ಬೀದರಿನ ಎಆರ್ ಪ್ರಯೋಗಗಳು ಎದುರಿಸಬೇಕಾದ ಪ್ರಶ್ನೆಗಳು

ಕಳೆದ ಏಪ್ರಿಲ್‌ನ ಒಂದು ಬೆಳಿಗ್ಗೆ ಬೀದರಿನ ಮಹಮೂದ್ ಗವಾನ್ ಮದರಸಾದ ಮುಂದೆ ನಿಂತು ನಾನೊಂದು ಸಣ್ಣ ಪ್ರಯೋಗ ಮಾಡಿದೆ. ಈ ಕಟ್ಟಡದ ಮುಂಭಾಗದಲ್ಲಿ ಮೂಲತಃ ಎರಡು ಮಿನಾರುಗಳಿದ್ದವು. ಈಗ ಇರುವುದು ಒಂದೇ. ಆ ಮಿನಾರನ್ನೂ ಅದಕ್ಕೆ ಅಂಟಿಕೊಂಡ ಗೋಡೆಯನ್ನೂ ಹಿಂದಿನ ವಾರ ನಾನಾ ಕೋನಗಳಿಂದ ಫೋಟೋ ತೆಗೆದಿದ್ದೆ. ಅವುಗಳಿಂದ ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿಯೊಂದನ್ನು ಕಟ್ಟಿ, ಕನ್ನಡಿಯಲ್ಲಿ ಕಾಣುವಂತೆ ಅದನ್ನು ಎಡಬಲ ಮಗುಚಿ, ಕುಸಿದುಹೋದ ಭಾಗದ ಜಾಗಕ್ಕೆ ಫೋನಿನ ತೆರೆಯ ಮೇಲೆ ತಂದು ನಿಲ್ಲಿಸಿದೆ. ಫೋನನ್ನು ಎತ್ತಿ ಹಿಡಿದರೆ, 1696ರಲ್ಲಿ ಸಿಡಿಲು ಬಡಿದು, ಒಳಗೆ ಕೂಡಿಟ್ಟಿದ್ದ ಮದ್ದಿಗೆ ಬೆಂಕಿ ತಗುಲಿ ಇಲ್ಲವಾದ ಮಿನಾರು ಮತ್ತೆ ಎದ್ದು ನಿಂತಿತ್ತು. ಅಲ್ಲೇ ನೆರಳಿನಲ್ಲಿ ಕೂತಿದ್ದ ಹಿರಿಯರೊಬ್ಬರು ಹತ್ತಿರ ಬಂದು, ಕನ್ನಡಕ ಸರಿಮಾಡಿಕೊಂಡು ನೋಡಿ, ಹೇಳಿದ್ದು ಒಂದೇ ಮಾತು: "ಛಂದ ಅದರಿ ಸರ, ಖರೆ ಅಕ್ಷರ ಎಲ್ಲಾ ಉಲ್ಟಾ ಬಂದಾವಲ್ಲ."

ಅವರು ಹೇಳಿದ್ದು ಸರಿಯಾಗಿತ್ತು. ಮದರಸಾದ ಮುಂಗೋಡೆಯ ಮೇಲುಭಾಗದಲ್ಲಿ ಕುರಾನಿನ ವಾಕ್ಯಗಳ ಅಕ್ಷರಪಟ್ಟಿಯೊಂದು ಬಣ್ಣದ ಟೈಲುಗಳಲ್ಲಿ ಅಷ್ಟಿಷ್ಟು ಉಳಿದುಕೊಂಡಿದೆ. ಗೋಡೆಯನ್ನು ಮಗುಚಿದಾಗ ಬಲದಿಂದ ಎಡಕ್ಕೆ ಓದುವ ಲಿಪಿ ಎಡದಿಂದ ಬಲಕ್ಕೆ ತಿರುಗಿ ಅರ್ಥಹೀನವಾಗಿತ್ತು. ಆ ಲಿಪಿ ಓದಲು ಬಾರದ ನನಗಾಗಲಿ, ಯಾವ ಲಿಪಿಯನ್ನೂ ಬರೀ ಆಕಾರವೆಂದು ಎಣಿಸುವ ತಂತ್ರಾಂಶಕ್ಕಾಗಲಿ ಅದು ತಪ್ಪೆಂದು ಹೊಳೆದಿರಲಿಲ್ಲ. ಕಲಬುರಗಿ, ಬೀದರ್, ಯಾದಗಿರಿಯ ಸ್ಮಾರಕಗಳಿಗೆ ಇಂಥ ಎಆರ್ (ಆಗ್ಮೆಂಟೆಡ್ ರಿಯಾಲಿಟಿ) ತರಬೇಕೆಂಬ ಮಾತು ಪ್ರವಾಸೋದ್ಯಮದ ಸಭೆಗಳಲ್ಲಿ ಈಗ ಸಲೀಸಾಗಿ ಓಡಾಡುತ್ತಿರುವಾಗ, ಈ ತಂತ್ರಜ್ಞಾನ ಏನನ್ನು ಸೇರಿಸಬಲ್ಲದು ಎಂಬ ಪ್ರಶ್ನೆಗಿಂತ, ಗೊತ್ತಿಲ್ಲದ್ದನ್ನು ಅದು ಹೇಗೆ ತೋರಿಸುತ್ತದೆ ಎಂಬ ಪ್ರಶ್ನೆಯೇ ಮೊದಲು ಬರಬೇಕೆಂದು ನನಗೆ ಆ ಬೆಳಿಗ್ಗೆಯಿಂದ ಅನ್ನಿಸುತ್ತಿದೆ.

ಆಗ್ಮೆಂಟೆಡ್ ರಿಯಾಲಿಟಿ, ಅಂದರೆ ವರ್ಧಿತ ವಾಸ್ತವ, ಹೊಸದೇನೂ ಅಲ್ಲ. ತಲೆಗೆ ಕಟ್ಟಿಕೊಂಡು ನೋಡುವ ಕಂಪ್ಯೂಟರ್ ತೆರೆಯನ್ನು ಅಮೆರಿಕದ ಐವನ್ ಸದರ್ಲೆಂಡ್ 1968ರಲ್ಲೇ ತೋರಿಸಿದ್ದರು. ಅದು ಎಷ್ಟು ಭಾರವಿತ್ತೆಂದರೆ ಅದನ್ನು ಮಾಡಿನಿಂದ ತೂಗುಹಾಕಬೇಕಾಗಿತ್ತು. ಹೆಸರು ಬಂದದ್ದು 1990ರ ದಶಕದ ಆರಂಭದಲ್ಲಿ, ಬೋಯಿಂಗ್ ವಿಮಾನ ಕಾರ್ಖಾನೆಯಲ್ಲಿ ವೈರು ಜೋಡಿಸುವ ಕಾರ್ಮಿಕರಿಗೆ ದಾರಿ ತೋರಿಸುವ ಸಾಧನವನ್ನು ಯೋಚಿಸುತ್ತಿದ್ದ ಟಾಮ್ ಕಾಡೆಲ್ ಅವರಿಂದ. ರೊನಾಲ್ಡ್ ಅಜುಮಾ 1997ರಲ್ಲಿ ಇದಕ್ಕೆ ಮೂರು ಲಕ್ಷಣಗಳನ್ನು ಗೊತ್ತುಮಾಡಿದರು: ನಿಜವೂ ಕೃತಕವೂ ಒಟ್ಟಿಗೆ ಕಾಣಬೇಕು, ನೋಡುವವನ ಚಲನೆಗೆ ಅದು ಆ ಕ್ಷಣವೇ ಸ್ಪಂದಿಸಬೇಕು, ಕೃತಕ ವಸ್ತು ಮೂರು ಆಯಾಮಗಳಲ್ಲೂ ತನ್ನ ಜಾಗದಲ್ಲಿ ಕೂತಿರಬೇಕು. ಕಣ್ಣನ್ನು ಪೂರ್ತಿ ಮುಚ್ಚಿ ಬೇರೊಂದು ಲೋಕ ತೋರಿಸುವ ವಿಆರ್‌ನಿಂದ (ವರ್ಚುವಲ್ ರಿಯಾಲಿಟಿ) ಇದನ್ನು ಬೇರ್ಪಡಿಸುವುದು ಮೊದಲನೆಯ ಲಕ್ಷಣ. ವಿಆರ್‌ನಲ್ಲಿ ಬೀದರನ್ನು ಬೆಂಗಳೂರಿನ ಮಾಲಿನಲ್ಲೂ ನೋಡಬಹುದು. ಎಆರ್ ನೋಡಬೇಕಾದರೆ ಬೀದರಿಗೆ ಬರಬೇಕು.

ಮೂರನೆಯ ಲಕ್ಷಣವನ್ನು, ಜಾಗದಲ್ಲಿ ಕೂತಿರುವುದು ಎಂದು, ಹೇಳುವುದು ಸುಲಭ. ಫೋನು ಕ್ಯಾಮೆರಾದ ಚಿತ್ರದಲ್ಲಿ ಎದ್ದುಕಾಣುವ ಚುಕ್ಕಿಗಳನ್ನು, ಅಂದರೆ ಕಲ್ಲಿನ ಮೂಲೆ, ಗಾರೆಯ ಬಿರುಕು, ಕಿಟಕಿಯ ಅಂಚು ಇಂಥವನ್ನು ಹುಡುಕಿ, ಫೋನು ಅಲುಗಿದಂತೆ ಅವು ತೆರೆಯಲ್ಲಿ ಎಷ್ಟು ಸರಿದವೆಂದು ಅಳೆದು, ಆ ಲೆಕ್ಕವನ್ನು ಒಳಗಿನ ಚಲನಸಂವೇದಕಗಳ ಲೆಕ್ಕದೊಂದಿಗೆ ತಾಳೆ ನೋಡುತ್ತಾ, ತಾನೆಲ್ಲಿ ನಿಂತಿದ್ದೇನೆಂದು ಸೆಕೆಂಡಿಗೆ ಹಲವು ಬಾರಿ ಊಹಿಸುತ್ತಿರುತ್ತದೆ. ಬರೀ ಜಿಪಿಎಸ್ ನಂಬಿದರೆ ತೆರೆದ ಬಯಲಲ್ಲೂ ಕೆಲವು ಮೀಟರ್ ತಪ್ಪಾಗುತ್ತದೆ. ಮಿನಾರು ಬೀದಿಗೆ ಬಂದು ನಿಲ್ಲುತ್ತದೆ. ಮದರಸಾ ಈ ಲೆಕ್ಕಕ್ಕೆ ವಿಚಿತ್ರ ಸವಾಲು ಒಡ್ಡುವ ಕಟ್ಟಡ. ಅದರ ಮಿನಾರಿನ ಮೈತುಂಬ ಅಂಕುಡೊಂಕು ಪಟ್ಟೆಗಳ ಟೈಲುಗಳಿದ್ದವು, ಇಂದಿಗೂ ಒಂದಷ್ಟಿವೆ. ಒಂದೇ ನಮೂನೆ ಮತ್ತೆ ಮತ್ತೆ ಬಂದಾಗ ಫೋನಿಗೆ ಒಂದು ಪಟ್ಟೆ ಯಾವುದು, ಅದರ ಮೇಲಿನದು ಯಾವುದು ಎಂಬ ಗುರುತು ಹತ್ತುವುದಿಲ್ಲ. ನನ್ನ ಪ್ರಯೋಗದಲ್ಲಿ ಮಾದರಿ ಗಟ್ಟಿಯಾಗಿ ನಿಂತದ್ದು ಟೈಲು ಉದುರಿ ಕಲ್ಲುಗಾರೆ ಹೊರಬಿದ್ದ ಕಡೆ ಕ್ಯಾಮೆರಾ ತಿರುಗಿಸಿದಾಗ. ಕುಶಲಿಗಳು ಅಂದವಾಗಿ ಹೊಂದಿಸಿದ ಕಡೆ ಅದು ಜಾರಿತು, ಕಾಲ ಕೆಡಿಸಿದ ಕಡೆ ಹಿಡಿತ ಸಿಕ್ಕಿತು. ಹನ್ನೊಂದು ಗಂಟೆಯ ಹೊತ್ತಿಗೆ ಫೋನು ಕಾದು, ತೆರೆ ತಾನೇ ಮಂಕಾಗಿ, ಬೀದರಿನ ಬಿಸಿಲಿನಲ್ಲಿ ಕೈಯ ನೆರಳು ಹಿಡಿಯದೆ ಏನೂ ಕಾಣದಂತಾಯಿತು. ಟೆಂಡರ್ ಬರೆಯುವವರು ಏಪ್ರಿಲ್‌ನಲ್ಲಿ ಒಮ್ಮೆ ಇಲ್ಲಿಗೆ ಬಂದು ನಿಲ್ಲುವುದು ಒಳ್ಳೆಯದು.

ಕಲಾವಿದರು ಈ ತಂತ್ರವನ್ನು ಕೈಗೆತ್ತಿಕೊಂಡಾಗ ಅವರನ್ನು ಸೆಳೆದದ್ದೂ ಜಾಗದ ಪ್ರಶ್ನೆಯೇ. 2010ರ ಅಕ್ಟೋಬರಿನಲ್ಲಿ ಸಾಂಡರ್ ವೀನ್‌ಹೋಫ್ ಮತ್ತು ಮಾರ್ಕ್ ಸ್ಕ್ವಾರೆಕ್ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಒಳಗೆ, ಸಂಗ್ರಹಾಲಯವನ್ನು ಕೇಳದೆಯೇ, ಫೋನಿನಲ್ಲಿ ಮಾತ್ರ ಕಾಣುವ ಕಲಾಪ್ರದರ್ಶನವೊಂದನ್ನು ಏರ್ಪಡಿಸಿದರು. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯದ ಆ ಪ್ರದರ್ಶನವನ್ನು ತಡೆಯುವ ಬಾಗಿಲು ಯಾವುದೆಂದು ಹೇಳುವುದು ಕಷ್ಟವಾಗಿತ್ತು. 2017ರಲ್ಲಿ ಸ್ನ್ಯಾಪ್‌ಚಾಟ್ ಕಂಪನಿ ಜೆಫ್ ಕೂನ್ಸ್ ಅವರ ಬಲೂನು ನಾಯಿಯನ್ನು ನ್ಯೂಯಾರ್ಕಿನ ಉದ್ಯಾನದಲ್ಲಿ ಎಆರ್ ಮೂಲಕ ನಿಲ್ಲಿಸಿದಾಗ, ಸೆಬಾಸ್ಟಿಯನ್ ಎರಾಸುರಿಸ್ ಎಂಬ ಕಲಾವಿದ ಅದೇ ನಾಯಿಯ ಮೈತುಂಬ ಬಣ್ಣದ ಗೀಚುಬರಹ ಬಳಿದ ಪ್ರತಿಯೊಂದನ್ನು ಅದೇ ಜಾಗದಲ್ಲಿ, ತನ್ನದೇ ಆ್ಯಪಿನಲ್ಲಿ ನಿಲ್ಲಿಸಿದ. ಸಾರ್ವಜನಿಕ ಜಾಗದ ಮೇಲಿನ ಗಾಳಿ ಯಾರ ಸೊತ್ತು ಎಂದು ಅವನು ಕೇಳಿದ್ದಕ್ಕೆ ಇಂದಿಗೂ ಖಚಿತ ಉತ್ತರವಿಲ್ಲ.

ನಮ್ಮ ಕಡೆ ಈ ಪ್ರಶ್ನೆ ಇನ್ನಷ್ಟು ಸೂಕ್ಷ್ಮ. 2016ರಲ್ಲಿ, ನಿಜವಾದ ಜಾಗಗಳಲ್ಲಿ ಓಡಾಡಿ ಫೋನಿನಲ್ಲಿ ಕಾಣುವ ಕಾಲ್ಪನಿಕ ಪ್ರಾಣಿಗಳನ್ನು ಹಿಡಿಯುವ ಪೋಕೆಮಾನ್ ಗೋ ಆಟ ಬಂದ ಕೆಲವೇ ದಿನಗಳಲ್ಲಿ ಪೋಲೆಂಡಿನ ಆಶ್ವಿಟ್ಸ್ ಸ್ಮಾರಕ ತನ್ನ ಆವರಣವನ್ನು ಆಟದಿಂದ ಹೊರಗಿಡುವಂತೆ ಕೇಳಬೇಕಾಯಿತು. ಹಿರೋಶಿಮಾ ಶಾಂತಿ ಸ್ಮಾರಕವೂ ಹಾಗೆಯೇ ಕೇಳಿತು. ಬೀದರಿನ ಪಕ್ಕದ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಸಮಾಧಿಗೆ ಮುಸ್ಲಿಮರೂ ಲಿಂಗಾಯತರೂ ಒಟ್ಟಾಗಿ ನಡೆದುಕೊಳ್ಳುತ್ತಾರೆ; ಒಬ್ಬರಿಗೆ ವಲಿಯಾಗಿ ಕಂಡವರು ಇನ್ನೊಬ್ಬರಿಗೆ ಅಲ್ಲಮನಾಗಿ ಕಾಣುತ್ತಾರೆ. ಅಲ್ಲಿ ಯಾರೋ ಒಬ್ಬರು ಒಂದೇ ಕಥೆಯನ್ನು ಎಆರ್‌ನಲ್ಲಿ ಅಂಟಿಸಿಬಿಟ್ಟರೆ, ಗೋಡೆಯ ಮೇಲೆ ಒಂದು ಚುಕ್ಕಿಯೂ ಬೀಳದಿದ್ದರೂ, ಜಾಗ ಕೆಡುತ್ತದೆ. ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರಿನೊಳಗೆ ಹೊಸ ಕಟ್ಟಡ ಕಟ್ಟಬಾರದೆಂದು ಕಾನೂನು ಹೇಳುತ್ತದೆ. ಕಾಣದ ಕಟ್ಟಡದ ಬಗ್ಗೆ ಅದು ಯೋಚಿಸಿದಂತಿಲ್ಲ.

ಪಾಳು ಕಟ್ಟಡವನ್ನು ಎಆರ್‌ನಲ್ಲಿ ಪೂರ್ತಿಗೊಳಿಸುವ ಪ್ರಯತ್ನಕ್ಕೂ ಎರಡು ದಶಕಗಳ ಚರಿತ್ರೆಯಿದೆ. ಗ್ರೀಸಿನ ಒಲಿಂಪಿಯಾದಲ್ಲಿ 2000ದ ದಶಕದ ಆರಂಭದಲ್ಲೇ ಐರೋಪ್ಯ ಒಕ್ಕೂಟದ ನೆರವಿನ ಆರ್ಕಿಯೋಗೈಡ್ ಯೋಜನೆ, ಬೆನ್ನಿಗೆ ಕಂಪ್ಯೂಟರು, ತಲೆಗೆ ತೆರೆ ಕಟ್ಟಿಕೊಂಡ ಪ್ರವಾಸಿಗೆ ಬಿದ್ದ ದೇವಾಲಯಗಳನ್ನು ನಿಂತಂತೆ ತೋರಿಸಿತು. ಆ ಬಳಿಕ ತಜ್ಞರನ್ನು ಕಾಡಿದ್ದು ಚಿತ್ರದ ಗುಣಮಟ್ಟವಲ್ಲ, ಅದರ ಆತ್ಮವಿಶ್ವಾಸ. ನಿಜವಾದ ಕಲ್ಲಿನ ಜೀರ್ಣೋದ್ಧಾರ ಊಹೆ ಆರಂಭವಾಗುವ ಕಡೆ ನಿಲ್ಲಬೇಕೆಂದು 1964ರ ವೆನಿಸ್ ಸನ್ನದು ಹೇಳಿತ್ತು. ಕಂಪ್ಯೂಟರಿನಲ್ಲಿ ಹಾಗೆ ನಿಲ್ಲಿಸುವ ಅಗತ್ಯವಿಲ್ಲ, ಬೇಕಾದಷ್ಟು ಊಹಿಸಬಹುದು. ಆದರೆ ಯಾವುದು ಪುರಾವೆ, ಯಾವುದು ಊಹೆ, ಯಾವ ಆಧಾರದ ಮೇಲೆ ಯಾವ ತೀರ್ಮಾನಕ್ಕೆ ಬಂದಿರಿ ಎಂಬುದು ನೋಡುವವನಿಗೆ ತಿಳಿಯುವಂತಿರಬೇಕು ಎಂದು 2006ರ ಲಂಡನ್ ಸನ್ನದು ಸೇರಿಸಿತು. ಕೇಳಲು ಶುಷ್ಕವಾದ ಈ ನಿಯಮದಲ್ಲೇ ಸೃಜನಶೀಲತೆಗೆ ಅತಿ ಹೆಚ್ಚು ಜಾಗವಿದೆ ಎಂದು ನನ್ನ ಎಣಿಕೆ.

ಮದರಸಾವನ್ನೇ ನೋಡೋಣ. 1472ರಲ್ಲಿ ಇದನ್ನು ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗೀಲಾನಿನಿಂದ ಬಂದವನು, ಬಹಮನಿ ರಾಜ್ಯದ ಪ್ರಧಾನಿಯಾದವನು, 1481ರಲ್ಲಿ ತನ್ನ ಸುಲ್ತಾನನ ಆಜ್ಞೆಯಿಂದಲೇ ಹತನಾದವನು. ಮೂರು ಅಂತಸ್ತಿನ ಕಟ್ಟಡದ ಮೂರು ಬದಿಗಳ ಬಹುಭಾಗ ಇನ್ನೂ ಇದೆ. ಹಾಗಾಗಿ ಬಿದ್ದ ಭಾಗದ ಕೋಣೆಗಳ ಅಳತೆ, ಕಿಟಕಿಗಳ ಸಾಲು, ಮಿನಾರಿನ ಸುಮಾರು 131 ಅಡಿ ಎತ್ತರ ಇವನ್ನು ಎದುರಿಗಿರುವ ಜೋಡಿಯಿಂದ ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು. ಟೈಲಿನ ನಮೂನೆ ಎರಡೂ ಕಡೆ ಒಂದೇ ಆಗಿತ್ತೇ ಎನ್ನುವುದು ಅದಕ್ಕಿಂತ ಸಡಿಲವಾದ ಊಹೆ. ಮುಖ್ಯ ದ್ವಾರದ ಮೇಲ್ಕಟ್ಟು ಹೇಗಿತ್ತೆಂಬುದಕ್ಕೆ ಇರಾನಿನ ಖರ್ಗಿರ್ದಿನಲ್ಲಿರುವ, ಇದಕ್ಕಿಂತ ಕೆಲವು ದಶಕ ಹಳೆಯ ಮದರಸಾದಂಥ ಕಟ್ಟಡಗಳನ್ನು ನೋಡಿ ಅಂದಾಜಿಸಬೇಕು. ಅಕ್ಷರಪಟ್ಟಿಯ ಕಳೆದುಹೋದ ಭಾಗವಂತೂ ಪಂಡಿತರ ಕೆಲಸ, ತಂತ್ರಾಂಶದ್ದಲ್ಲ. ಈ ನಾಲ್ಕು ಮಟ್ಟದ ತಿಳಿವಳಿಕೆಯನ್ನು ಒಂದೇ ಹೊಳಪಿನ ಬಣ್ಣದಲ್ಲಿ ತೋರಿಸಿದರೆ ಸುಳ್ಳಾಗುತ್ತದೆ. ಗಟ್ಟಿಯಾಗಿ ಗೊತ್ತಿರುವುದನ್ನು ಕಲ್ಲಿನಂತೆ, ಸಾದೃಶ್ಯದಿಂದ ಹೇಳಿದ್ದನ್ನು ಬರೀ ಗೆರೆಯಲ್ಲಿ, ಏನೂ ಗೊತ್ತಿಲ್ಲದ್ದನ್ನು ಖಾಲಿ ಬಿಟ್ಟು ತೋರಿಸಿದರೆ ನೋಡುವವನು ಇತಿಹಾಸಕಾರನ ಪಕ್ಕದಲ್ಲಿ ನಿಂತಂತಾಗುತ್ತದೆ. ಖರ್ಗಿರ್ದಿನ ಬಾಗಿಲು, ಸಮರ್ಕಂದದ ಬಾಗಿಲು ಎಂದು ಬೆರಳಿನಿಂದ ಬದಲಿಸಿ ಹೋಲಿಸಿ ನೋಡುವ ಅವಕಾಶ ಕೊಟ್ಟರೆ ಇನ್ನೂ ಒಳ್ಳೆಯದು.

ಕಲಬುರಗಿ ಜಿಲ್ಲೆಯಲ್ಲಿ ಭೀಮಾ ತೀರದ ಕನಗನಹಳ್ಳಿ ಇದಕ್ಕೆ ತದ್ವಿರುದ್ಧ. ಅಲ್ಲಿಯ ಬೌದ್ಧ ಸ್ತೂಪದ ಕೆತ್ತಿದ ಫಲಕಗಳು ಉತ್ಖನನದಲ್ಲಿ ತುಂಡುತುಂಡಾಗಿ ಹೊರಬಂದವು. 'ರಾಯೋ ಅಸೋಕೋ' ಎಂಬ ಬ್ರಾಹ್ಮಿ ಬರಹವಿರುವ ಅಶೋಕನ ಶಿಲ್ಪ ಸಿಕ್ಕಿದ್ದೂ ಅಲ್ಲೇ. ಮದರಸಾದಲ್ಲಿ ಕಟ್ಟಡವಿದೆ, ಅದರ ಒಂದು ಭಾಗವಿಲ್ಲ. ಇಲ್ಲಿ ಭಾಗಗಳಿವೆ, ಕಟ್ಟಡವಿಲ್ಲ. ಆದ್ದರಿಂದ ಎಆರ್ ಮಾಡಬೇಕಾದ ಕೆಲಸ ಹೊಸದನ್ನು ಬಿಡಿಸುವುದಲ್ಲ, ಇದ್ದದ್ದನ್ನು ಜೋಡಿಸುವುದು. ಸ್ತೂಪ ಹೇಗೆ ಕಾಣುತ್ತಿತ್ತು ಎಂಬುದನ್ನು ಆ ಫಲಕಗಳಲ್ಲಿ ಕೆತ್ತಿದ ಸ್ತೂಪದ ಚಿತ್ರಗಳೇ ಹೇಳುತ್ತವೆ. ನೋಡುಗ ಒಂದು ಫಲಕದ ಮುಂದೆ ನಿಂತಾಗ ಅದು ಮೇಲೆದ್ದು ತನ್ನ ಮೂಲ ಜಾಗಕ್ಕೆ ಹೋಗಿ ಕೂರುವುದನ್ನು ತೋರಿಸಬಹುದು. ಎಲ್ಲಿ ಕೂರಬೇಕೆಂದು ವಿದ್ವಾಂಸರಲ್ಲಿ ಒಮ್ಮತವಿಲ್ಲದ ಫಲಕವನ್ನು ನೆಲದ ಮೇಲೇ ಬಿಡಬಹುದು.

ನನಗೆ ಎಲ್ಲಕ್ಕಿಂತ ಹೆಚ್ಚು ಆಸೆ ಹುಟ್ಟಿಸುವುದು ಮಾತ್ರ ಬೀದರಿನ ನೌಬಾದ್ ಸುರಂಗ ಬಾವಿ, ಅಂದರೆ ಕರೇಜ್. ಬೀದರ್ ಪಟ್ಟಣ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಮಳೆನೀರು ರಂಧ್ರಗಳಿರುವ ಈ ಕಲ್ಲಿನಲ್ಲಿ ಇಳಿದು, ಕೆಳಗಿನ ಗಟ್ಟಿ ಕಪ್ಪುಕಲ್ಲನ್ನು ಮುಟ್ಟಿದ ಕಡೆ ನಿಂತು ಬದಿಗೆ ಹರಿಯುತ್ತದೆ. ಪರ್ಷಿಯಾದಿಂದ ಬಂದ ವಿದ್ಯೆಯನ್ನು ಬಳಸಿ ಬಹಮನಿಗಳ ಕಾಲದಲ್ಲಿ ಆ ನೀರಿಗೆ ನೆಲದಡಿಯಲ್ಲೇ ಸಣ್ಣ ಇಳಿಜಾರಿನ ಸುರಂಗ ತೋಡಿ, ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಗಾಳಿಕಿಂಡಿಗಳನ್ನು ಇಳಿಸಿದರು. ಮೇಲೆ ನಡೆಯುವವನಿಗೆ ಹೊಲದ ನಡುವಿನ ಕಿಂಡಿಗಳಷ್ಟೇ ಕಾಣುತ್ತವೆ, ಅವು ಒಂದು ಸಾಲಿನಲ್ಲಿವೆ ಎಂಬುದು ಹೇಳಿದರೆ ಮಾತ್ರ ತಿಳಿಯುತ್ತದೆ. ಇಲ್ಲಿ ಎಆರ್ ತೋರಿಸುವುದು ಕಳೆದುಹೋದದ್ದನ್ನಲ್ಲ. ಇರುವುದನ್ನೇ, ಕಣ್ಣಿಗೆ ಮರೆಯಾದದ್ದನ್ನು.

ಇದರಲ್ಲೊಂದು ತಾಂತ್ರಿಕ ತೊಡಕಿದೆ, ಅದು ಪ್ರಯೋಗಶೀಲರಿಗೆ ಖುಷಿ ಕೊಡುವ ತೊಡಕು. ನೆಲದಡಿಯ ಸುರಂಗವನ್ನು ಫೋನಿನ ತೆರೆಯಲ್ಲಿ ಹಾಗೇ ಬಿಡಿಸಿದರೆ ಕಣ್ಣು ಅದನ್ನು ನೆಲದಡಿಯಲ್ಲಿ ಇದೆಯೆಂದು ಒಪ್ಪುವುದಿಲ್ಲ, ಹುಲ್ಲಿನ ಮೇಲೆ ತೇಲುವ ನೀಲಿ ಕೊಳವೆಯಂತೆ ಕಾಣುತ್ತದೆ. ಏಕೆಂದರೆ ಮುಂದಿರುವ ವಸ್ತು ಹಿಂದಿರುವುದನ್ನು ಮರೆಮಾಡಬೇಕೆಂಬುದು ಕಣ್ಣಿನ ಅನುಭವ, ಇಲ್ಲಿ ಮಣ್ಣು ಏನನ್ನೂ ಮರೆಮಾಡುತ್ತಿಲ್ಲ. ಈ ತೊಡಕಿಗೆ ಸಂಶೋಧಕರು ಕಂಡುಕೊಂಡ ಉಪಾಯ ಸರಳ: ಮೊದಲು ನೆಲದಲ್ಲಿ ಒಂದು ಕೃತಕ ಗುಂಡಿ ತೋಡಿ, ಅದರ ಅಂಚು, ಗೋಡೆ, ಮಣ್ಣಿನ ಪದರ ತೋರಿಸಿ, ಆಮೇಲೆ ತಳದಲ್ಲಿ ವಸ್ತುವನ್ನಿಡುವುದು. ನೌಬಾದಿನಲ್ಲಿ ಹೀಗೆ ತೋಡಿದ ಗುಂಡಿಯಲ್ಲಿ ಕೆಂಪು ಕಲ್ಲು, ಅದರ ಕೆಳಗೆ ಕಪ್ಪು ಕಲ್ಲು, ಎರಡರ ನಡುವೆ ಒಸರುವ ನೀರು ಕಂಡರೆ, ಕೊಳವೆಬಾವಿ ಕೊರೆಸಿ ಸೋತ ರೈತನಿಗೂ ಅದು ಭೂಗೋಳದ ಪಾಠಪುಸ್ತಕಕ್ಕಿಂತ ಬೇಗ ಅರ್ಥವಾದೀತು. ಕಾಲೇಜು ಹುಡುಗರು ಮಾಡಬಹುದಾದ ಕೆಲಸವಿದು. ಮಿನಾರಿನಷ್ಟು ಸೂಕ್ಷ್ಮ ಮಾದರಿ ಬೇಕಿಲ್ಲ, ಒಂದೆರಡು ಮೀಟರ್ ಆಚೀಚೆಯಾದರೂ ಸುಳ್ಳಾಗುವುದಿಲ್ಲ.

ಶಾಲೆಗಳ ಮಟ್ಟಿಗೆ ಫೋನೇ ಬೇಕಿಲ್ಲದ ಎಆರ್ ಕೂಡ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಆಲಿವರ್ ಕ್ರೈಲೋಸ್ ಮತ್ತು ಸಂಗಡಿಗರು ರೂಪಿಸಿದ ಮರಳುಪೆಟ್ಟಿಗೆಯ ಮೇಲೆ ಆಳ ಅಳೆಯುವ ಕ್ಯಾಮೆರಾ, ಒಂದು ಪ್ರೊಜೆಕ್ಟರ್ ತೂಗುತ್ತವೆ. ಮಕ್ಕಳು ಮರಳನ್ನು ಗುಡ್ಡ ಮಾಡಿದಂತೆ ಸಮೋನ್ನತಿ ರೇಖೆಗಳು ಅದರ ಮೇಲೇ ಮೂಡುತ್ತವೆ, ಅಂಗೈಯನ್ನು ಮೋಡದಂತೆ ಹಿಡಿದರೆ ಬೆಳಕಿನ ಮಳೆ ಸುರಿದು ಕಣಿವೆಗೆ ಹರಿಯುತ್ತದೆ. ತಂತ್ರಾಂಶ ಉಚಿತ. ಬೀದರಿನ ಪ್ರಸ್ಥಭೂಮಿಯನ್ನೂ ಮಾಂಜ್ರಾ ಕಣಿವೆಯನ್ನೂ ಮರಳಲ್ಲಿ ಕಟ್ಟಿ ನೋಡಬಹುದು, ಆದರೆ ಕಲ್ಲಿನೊಳಗೆ ಇಂಗಿ ಕರೇಜಿಗೆ ಸೇರುವ ನೀರನ್ನು ಅದು ತೋರಿಸದು.

ಬಿದರಿ ಕೆಲಸಕ್ಕೂ ಎಆರ್ ತರಬೇಕೆಂಬ ಸಲಹೆ ಆಗಾಗ ಕೇಳಿಬರುತ್ತದೆ: ಹೂಜಿಯ ಮೈಮೇಲೆ ನಮೂನೆಯನ್ನು ಬೆಳಕಿನಲ್ಲಿ ತೋರಿಸಿದರೆ ಕುಶಲಿ ಅದರ ಮೇಲೆ ಕೆತ್ತುತ್ತಾ ಹೋಗಬಹುದು ಎಂದು. ಪಳಗಿದ ಕೈ ಮೈಲುತುತ್ತದಿಂದ ಕಪ್ಪಾಗಿಸಿದ ಮೈಮೇಲೆ ನೇರವಾಗಿ ಗೆರೆ ಎಳೆಯುತ್ತದೆ, ಅದಕ್ಕೆ ಇದು ಬೇಡ. ಕಲಿಯುವವರಿಗೆ ಬೇಕಾದೀತು; ಆದರೂ ಹೂಜಿ ತಿರುಗುತ್ತಲೇ ಇರುತ್ತದೆ, ಕೈ ಅದನ್ನು ಅರ್ಧ ಮುಚ್ಚಿರುತ್ತದೆ, ಕೂರಿಸಿದ ಬೆಳ್ಳಿತಂತಿ ಹೊಳೆದು ಕ್ಯಾಮೆರಾವನ್ನು ದಾರಿ ತಪ್ಪಿಸುತ್ತದೆ. ಗಿರಾಕಿ ತನ್ನ ಮನೆಯ ಮೇಜಿನ ಮೇಲೆ ಹೂಜಿ ಹೇಗೆ ಕಾಣುತ್ತದೆಂದು ಫೋನಿನಲ್ಲಿ ನೋಡಿ ಕೊಳ್ಳುವುದೇ ಸದ್ಯಕ್ಕೆ ಸಾಧ್ಯವಿರುವ ಉಪಯೋಗ.

ಕನ್ನಡದಲ್ಲಿ ಎಆರ್ ಮಾಡಹೊರಟವರನ್ನು ಮೊದಲು ತಡೆಯುವುದು ಮಾತ್ರ ಇದಾವುದೂ ಅಲ್ಲ, ಒತ್ತಕ್ಷರ. ಮೂರು ಆಯಾಮದ ದೃಶ್ಯ ಕಟ್ಟಲು ಬಳಸುವ ಜನಪ್ರಿಯ ತಂತ್ರಾಂಶಗಳ ಅಕ್ಷರವ್ಯವಸ್ಥೆ ಇಂಗ್ಲಿಷಿನಂತೆ ಒಂದರ ಪಕ್ಕ ಒಂದು ಕೂರುವ ಲಿಪಿಗಳನ್ನು ನೆಚ್ಚಿಕೊಂಡು ಬೆಳೆದದ್ದು. ಅವುಗಳಲ್ಲಿ 'ಅಷ್ಟೂರು' ಎಂದು ಬರೆದರೆ ಟಕಾರ ಷಕಾರದ ಅಡಿಗೆ ಹೋಗದೆ, ನಡುವೆ ಅರ್ಧಾಕ್ಷರ ಒಡೆದು ನಿಲ್ಲುವುದು ಸಾಮಾನ್ಯ ಅನುಭವ. ಬೇಸತ್ತವರು ಬರಹವನ್ನು ಚಿತ್ರವಾಗಿಸಿ ಅಂಟಿಸುತ್ತಾರೆ. ಆಗ ಅದನ್ನು ತಿದ್ದುವುದಕ್ಕೂ ಆಗದು, ದೃಷ್ಟಿಯಿಲ್ಲದವರ ಫೋನು ಅದನ್ನು ಓದಿ ಹೇಳುವುದಕ್ಕೂ ಆಗದು. ಈ ಕಾರಣಕ್ಕೇ ನಮ್ಮ ಭಾಗದಲ್ಲಿ ಧ್ವನಿಯ ಎಆರ್ ಹೆಚ್ಚು ಫಲ ಕೊಟ್ಟೀತು. ಕೆನಡಾದ ಜಾನೆಟ್ ಕಾರ್ಡಿಫ್ 1991ರಿಂದಲೇ ಹೆಡ್‌ಫೋನಿನಲ್ಲಿ ಕೇಳುತ್ತಾ ನಡೆಯುವ ಧ್ವನಿ ನಡಿಗೆಗಳನ್ನು ಮಾಡಿದವರು. ಕೇಳುಗನಿಗೆ ನಿಜವಾದ ಹೆಜ್ಜೆ ಸಪ್ಪಳ ಯಾವುದು, ಮುದ್ರಿಸಿದ್ದು ಯಾವುದು ಎಂಬ ಗೆರೆ ಅಳಿಸಿಹೋಗುತ್ತದೆ. ಕರೇಜಿನ ಕಿಂಡಿಯಿಂದ ಕಿಂಡಿಗೆ ನಡೆಯುವಾಗ ಕಾಲ ಕೆಳಗೆ ನೀರಿನ ಸದ್ದು ಜೋರಾಗುತ್ತಾ ಕ್ಷೀಣಿಸುತ್ತಾ ಹೋಗುವುದನ್ನು, ಜೊತೆಗೆ ಬೀದರಿನ ಕನ್ನಡದಲ್ಲೋ ದಖನಿಯಲ್ಲೋ ಒಂದು ದನಿ ಮಾತಾಡುವುದನ್ನು ಊಹಿಸಿ. ಬಿಸಿಲಿಗೆ ತೆರೆ ಮಂಕಾಗುವ ಚಿಂತೆಯಿಲ್ಲ, ಫೋನು ಜೇಬಿನಲ್ಲೇ ಇರುತ್ತದೆ.

ಕೊನೆಗೆ ಬಾಳಿಕೆ. ಮೆಟಾ ಕಂಪನಿ ಎಆರ್ ಕೃತಿಗಳನ್ನು ತಯಾರಿಸುವ ತನ್ನ ಸ್ಪಾರ್ಕ್ ವೇದಿಕೆಯನ್ನು 2025ರ ಜನವರಿ 14ರಂದು ಮುಚ್ಚಿದಾಗ ಜಗತ್ತಿನ ಅಸಂಖ್ಯ ಕಲಾವಿದರು ಇನ್‌ಸ್ಟಾಗ್ರಾಂಗಾಗಿ ಮಾಡಿದ್ದ ಎಆರ್ ಕೃತಿಗಳು ಅಲ್ಲಿಂದ ಮಾಯವಾದವು. ಮೈಕ್ರೋಸಾಫ್ಟ್ ತನ್ನ ಹೋಲೋಲೆನ್ಸ್ 2 ಕನ್ನಡಕದ ತಯಾರಿಕೆಯನ್ನು 2024ರಲ್ಲಿ ನಿಲ್ಲಿಸಿತು. ಐದು ಶತಮಾನ ದಾಟಿದ ಕಟ್ಟಡದ ಮುಂದೆ ಐದು ವರ್ಷ ಬಾಳದ ಆ್ಯಪನ್ನು ಸರ್ಕಾರದ ಹಣದಲ್ಲಿ ಮಾಡಿಸುವವರು ಕನಿಷ್ಠ ಮೂರು ಆಯಾಮದ ಮಾದರಿಗಳನ್ನೂ ಅವುಗಳ ಹಿಂದಿನ ಅಳತೆ, ಫೋಟೋ, ಟಿಪ್ಪಣಿಗಳನ್ನೂ ಯಾವ ಕಂಪನಿಗೂ ಸೇರದ ಮುಕ್ತ ರೂಪದಲ್ಲಿ ಪಡೆದು ವಿಶ್ವವಿದ್ಯಾಲಯದಂಥ ಕಡೆ ಇಡಿಸಬೇಕು, ಆ್ಯಪು ಇಳಿಸಿಕೊಳ್ಳದೆ ಬ್ರೌಸರಿನಲ್ಲೇ ತೆರೆಯುವಂತೆ ಮಾಡಿಸಬೇಕು. ಅಗ್ಗದ ಫೋನುಗಳಲ್ಲಿ ಹಲವಕ್ಕೆ ಎಆರ್‌ಗೆ ಬೇಕಾದ ಚಲನಸಂವೇದಕವೇ ಇರುವುದಿಲ್ಲ ಎಂಬುದನ್ನೂ ಟೆಂಡರಿನಲ್ಲಿ ಒಂದು ಸಾಲು ಬರೆದರೆ ಚೆನ್ನ.

ಜೂನ್‌ನಲ್ಲಿ ಮೋಡ ಕವಿದ ಒಂದು ದಿನ ನನ್ನ ಪ್ರಯೋಗವನ್ನು ತಿದ್ದಿಕೊಂಡು ಮತ್ತೆ ಮದರಸಾಕ್ಕೆ ಹೋದೆ. ಈ ಸಲ ಮಿನಾರನ್ನು ಬರೀ ಬಿಳಿ ಗೆರೆಗಳಲ್ಲಿ ನಿಲ್ಲಿಸಿ, ಅಕ್ಷರಪಟ್ಟಿಯ ಜಾಗವನ್ನು ಖಾಲಿ ಬಿಟ್ಟಿದ್ದೆ. ಅಂದು ತಪ್ಪು ತೋರಿಸಿದ ಹಿರಿಯರು ಇರಲಿಲ್ಲ. ಪ್ರವಾಸಕ್ಕೆ ಬಂದಿದ್ದ ಶಾಲೆಯ ಹುಡುಗನೊಬ್ಬ ಫೋನಿನಲ್ಲಿ ಇಣುಕಿ, "ಇದು ಇನ್ನಾ ಮುಗದಿಲ್ಲೇನ್ರಿ ಸರ?" ಎಂದು ಕೇಳಿದ. ಮುಗಿದಿದೆ, ಗೊತ್ತಿರುವುದು ಇಷ್ಟೇ ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ಏಪ್ರಿಲ್‌ನ ಬಣ್ಣದ ಮಿನಾರನ್ನು ತೋರಿಸಿದಾಗ ಗೆಳೆಯರನ್ನೆಲ್ಲ ಕೂಗಿ ಕರೆದ. ಈಗ ತೆರೆಯ ಕೆಳಗೆ ಎರಡು ಗುಂಡಿಗಳನ್ನಿಟ್ಟಿದ್ದೇನೆ, ಒಂದು ಗೆರೆಗೆ, ಒಂದು ಬಣ್ಣಕ್ಕೆ. ಬಣ್ಣದ ಮಿನಾರಿನ ಅಕ್ಷರಗಳನ್ನು ಓದಿ ತಿದ್ದಿಕೊಡುವವರನ್ನು ಹುಡುಕುತ್ತಿದ್ದೇನೆ.